ನಿಮಗಿದು ಗೊತ್ತೇ? ಊರಲ್ಲೆಷ್ಟು ಜನ, ಬಸ್ಸಿಗೆಷ್ಟು ದೂರ

● 499 ಜನರಿರುವ ಊರಿಗೂ 500 ಜನರಿರುವ ಊರಿಗೂ ನಡುವೆ ಇರುವುದು ಒಂದು ತಲೆಯಲ್ಲ, ಒಂದು ಡಾಂಬರು ರಸ್ತೆ. 2000ನೇ ಇಸವಿಯ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದಲ್ಲಿ ಹೊಸ ರಸ್ತೆ ಕೊಡಲು ಇಟ್ಟುಕೊಂಡ ಗೆರೆ 500 ಜನ. ಗುಡ್ಡಗಾಡು, ಮರುಭೂಮಿ, ಬುಡಕಟ್ಟು ಪ್ರದೇಶಗಳಿಗೆ 250. ನಕ್ಸಲ್ ಹಾವಳಿಯ ಕೆಲವು ಬ್ಲಾಕುಗಳಿಗೆ 100 ಸಾಕು ಎಂದು ಆಮೇಲೆ ಸಡಿಲಿಸಿದರು. ಸರದಿಯಲ್ಲಿ ಮುಂದೆ ನಿಂತದ್ದು ಸಾವಿರ ದಾಟಿದ ಊರುಗಳು.

● ಅಲ್ಲಿ ಎಣಿಸಿದ್ದು ಗ್ರಾಮವನ್ನಲ್ಲ, ಜನವಸತಿಯನ್ನು. ಕಂದಾಯ ದಾಖಲೆಯ ಒಂದೇ ಗ್ರಾಮದೊಳಗೆ ಮೂಲ ಊರು, ಅದರಾಚೆಗೊಂದು ಕೇರಿ, ಹೊಲಗಳ ನಡುವೆ ಗೊಲ್ಲರಹಟ್ಟಿ, ಗುಡ್ಡದ ಬುಡಕ್ಕೆ ತಾಂಡಾ ಎಲ್ಲವೂ ಇರಬಹುದು. 500 ಮೀಟರ್ ಒಳಗಿರುವ ಮನೆಗುಂಪುಗಳ ತಲೆಗಳನ್ನು ಒಟ್ಟು ಮಾಡಿಕೊಳ್ಳಲು ಅವಕಾಶವಿದೆ. ಗುಡ್ಡಗಾಡಿನಲ್ಲಿ ಕಾಲುದಾರಿಯ ಲೆಕ್ಕಕ್ಕೆ ಒಂದೂವರೆ ಕಿ.ಮೀ. ಇದೇ ಅಳತೆ ತಿರುಗಿಯೂ ಬೀಳುತ್ತದೆ: ಸರ್ವಋತು ರಸ್ತೆ 500 ಮೀಟರ್ ಹತ್ತಿರಕ್ಕೆ ಬಂದಿದ್ದರೆ ಆ ಊರಿಗೆ ಸಂಪರ್ಕ ಸಿಕ್ಕಿತೆಂದೇ ಲೆಕ್ಕ. ಉಳಿದ ಅರ್ಧ ಕಿ.ಮೀ. ಕೆಸರು ಕಡತಕ್ಕೆ ಕಾಣುವುದಿಲ್ಲ.

● ಗೆರೆ ಎಳೆದಲ್ಲಿ ಕಳ್ಳದಾರಿಯೂ ಹುಟ್ಟುತ್ತದೆ. ಅರ್ಥಶಾಸ್ತ್ರಜ್ಞರಾದ ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾದ್ ಈ ಯೋಜನೆಯ ದಾಖಲೆ ಬಿಚ್ಚಿ ನೋಡಿದಾಗ, 500 ಮತ್ತು 1,000ದ ಗೆರೆಯನ್ನು ಸ್ವಲ್ಪವೇ ದಾಟಿದ ಊರುಗಳು ಅನುಮಾನ ಬರುವಷ್ಟು ಗುಂಪಾಗಿ ಕಂಡವು. ಹಾಗಾಗಿ ಅವರು ಯೋಜನೆಯ ಅಂಕಿಯನ್ನು ಬದಿಗಿಟ್ಟು ಜನಗಣತಿಯ ಅಂಕಿಯನ್ನೇ ನಂಬಿದರು. ನಾಲ್ಕಾರು ತಲೆ ಹೆಚ್ಚು ಬರೆದರೆ ಊರಿಗೆ ರಸ್ತೆ ಬರುತ್ತದೆ ಎಂದಾದರೆ ಯಾವ ಗುಮಾಸ್ತನ ಕೈ ನಡುಗೀತು ಹೇಳಿ.

● ಅದೇ ಇಬ್ಬರ ಅಧ್ಯಯನ 2020ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ದಲ್ಲಿ ಪ್ರಕಟವಾಯಿತು. ರಸ್ತೆ ಬಂದರೆ ಹಳ್ಳಿ ಸಿರಿವಂತವಾಗುತ್ತದೆ ಎಂದು ನಂಬಿದ್ದವರಿಗೆ ಅದು ಕಹಿ. ರಸ್ತೆ ಬಂದ ಊರುಗಳಲ್ಲಿ ಬೇಸಾಯ ಬಿಟ್ಟು ಬೇರೆ ಕೂಲಿಗೆ ಹೋಗುವವರು ಹೆಚ್ಚಿದರು, ಅದು ಖಚಿತ. ಬೆಳೆ, ಆದಾಯ, ಮನೆಯ ಆಸ್ತಿಪಾಸ್ತಿಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಊರಿಗೆ ಬರಲು ಹಾಕಿದ ರಸ್ತೆಯನ್ನು ಜನ ಊರಿಂದ ಹೊರಡಲು ಬಳಸಿಕೊಂಡರು. ಅಂಜಲಿ ಅದುಕಿಯಾ ಜೊತೆ ಸೇರಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಒಳ್ಳೆಯ ಸುದ್ದಿಯೂ ಇದೆ: ರಸ್ತೆ ಬಂದ ಊರಿನ ಮಕ್ಕಳು ಹಿರಿಯ ಪ್ರಾಥಮಿಕ ಹಂತದಲ್ಲಿ ಶಾಲೆ ಬಿಡದೆ ಮುಂದುವರಿದದ್ದು ಹೆಚ್ಚು.

● 2011ರ ಜನಗಣತಿಯಂತೆ ಭಾರತದಲ್ಲಿ ಸುಮಾರು 6.4 ಲಕ್ಷ ಹಳ್ಳಿಗಳು. ಅವುಗಳಲ್ಲಿ ಸುಮಾರು 43 ಸಾವಿರ ಹಳ್ಳಿಗಳ ಜನಸಂಖ್ಯೆ ಸೊನ್ನೆ.

● ಕರ್ನಾಟಕದ 29,340 ಹಳ್ಳಿಗಳಲ್ಲಿ ಜನವಾಸ ಇದ್ದದ್ದು 27,397ರಲ್ಲಿ. ಉಳಿದ 1,943 ಊರುಗಳು ಕಂದಾಯದವರ ಮಾತಿನಲ್ಲಿ ಬೇಚರಾಕ್ ಗ್ರಾಮಗಳು. ಹೆಸರಿದೆ, ನಕ್ಷೆಯಿದೆ, ಸರ್ವೆ ನಂಬರುಗಳಿವೆ, ಪಹಣಿಯೂ ಬರುತ್ತದೆ. ಒಲೆ ಮಾತ್ರ ಉರಿಯುವುದಿಲ್ಲ. ಪ್ಲೇಗು, ಬರ, ನೀರಿನ ಕೊರತೆ, ಅಣೆಕಟ್ಟಿನ ಹಿನ್ನೀರು ಹೀಗೆ ಒಂದೊಂದಕ್ಕೆ ಒಂದೊಂದು ಕತೆ. ಹೊಲ ಉಳುವವರು ಪಕ್ಕದ ಊರಿನವರು. ಎಷ್ಟೋ ಕಡೆ ವರ್ಷಕ್ಕೊಮ್ಮೆ ಹಾಳೂರಿನ ಹನುಮಪ್ಪನ ಗುಡಿಗೆ ಎಣ್ಣೆ ಹಿಡಿದುಕೊಂಡು ಹೋಗುವವರೂ ಅವರೇ.

● ಹಳ್ಳಿ ಎಂದರೆ ಎಷ್ಟು ದೊಡ್ಡದು? ಕೇರಳದಲ್ಲಿ ಕೇಳಿದರೆ ಒಂದು ಉತ್ತರ, ಹಿಮಾಚಲದಲ್ಲಿ ಇನ್ನೊಂದು. 2011ರಲ್ಲಿ ಕೇರಳದ ಒಟ್ಟು ಹಳ್ಳಿಗಳು ಬರೀ 1,018; ಗ್ರಾಮೀಣ ಜನಸಂಖ್ಯೆಯನ್ನು ಹಂಚಿದರೆ ಹಳ್ಳಿಗೆ ಸರಾಸರಿ 17 ಸಾವಿರ ಜನ. ಹಿಮಾಚಲ ಪ್ರದೇಶದಲ್ಲಿ ಜನವಾಸದ ಹಳ್ಳಿಗಳು 17,882. ಸರಾಸರಿ 350ಕ್ಕೂ ಕಡಿಮೆ. ಕರ್ನಾಟಕದ್ದು ನಡುದಾರಿ, ಹಳ್ಳಿಗೆ ಸುಮಾರು 1,370 ಮಂದಿ. ದೇಶದ ಸರಾಸರಿಗೆ ನಾವು ಒಂದು ಕೂದಲೆಳೆ ಕೆಳಗೆ. ಉತ್ತರ ಪ್ರದೇಶದಲ್ಲಿ ಹಳ್ಳಿಗಳ ಸಂಖ್ಯೆಯೇ ಲಕ್ಷ ದಾಟಿದೆ.

ಕೇರಳದ ಒಂದು ಹಳ್ಳಿಗೆ ಬಸ್ಸು ಬಿಟ್ಟರೆ ಸೀಟು ತುಂಬುತ್ತದೆ. ಹಿಮಾಚಲದಲ್ಲಿ ಅಷ್ಟೇ ಸೀಟು ತುಂಬಿಸಲು ಬಸ್ಸು ಎಷ್ಟು ತಿರುವು ಹತ್ತಿಳಿಯಬೇಕು ಎಂಬುದನ್ನು ‘ದೇಶದ ಸರಾಸರಿ’ ಹೇಳುವುದಿಲ್ಲ.

● ಪ್ರತಿ ಹಳ್ಳಿಗೂ 2011ರ ಗಣತಿಯಲ್ಲಿ ಆರು ಅಂಕಿಯ ಒಂದು ಸಂಕೇತ ಸಂಖ್ಯೆ ಇದೆ. ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ನಿಮ್ಮ ಊರನ್ನು ಹುಡುಕಿದರೆ ಜನ, ಮನೆ, ಶಾಲೆ, ನೀರಿನ ಜೊತೆ ಓಡಾಟದ ಪಟ್ಟಿಯೂ ಸಿಗುತ್ತದೆ: ಸರ್ಕಾರಿ ಬಸ್ಸು, ಖಾಸಗಿ ಬಸ್ಸು, ರೈಲು ನಿಲ್ದಾಣ, ಆಟೊ, ವ್ಯಾನು, ಟ್ರ್ಯಾಕ್ಟರು, ಸೈಕಲ್ ರಿಕ್ಷಾ, ದೋಣಿ, ಎತ್ತಿನ ಗಾಡಿ. ರೈಲಿಗೂ ಎತ್ತಿನ ಗಾಡಿಗೂ ಒಂದೇ ಸಾಲಿನಲ್ಲಿ ಜಾಗ ಕೊಟ್ಟ ಸರ್ಕಾರಿ ಪುಸ್ತಕ ಬೇರೊಂದು ಇರಲಿಕ್ಕಿಲ್ಲ.

● ಅದೇ ಪಟ್ಟಿಯಲ್ಲಿ, ಸೌಲಭ್ಯ ಊರಲ್ಲಿ ಇಲ್ಲದಿದ್ದರೆ ಅದು ಎಷ್ಟು ದೂರದಲ್ಲಿದೆ ಎಂದು ಹೇಳಲು ಮೂರೇ ಅಕ್ಷರ. ಐದು ಕಿ.ಮೀ. ಒಳಗಿದ್ದರೆ ‘ಎ’, ಐದರಿಂದ ಹತ್ತರವರೆಗೆ ‘ಬಿ’, ಹತ್ತು ದಾಟಿದರೆ ‘ಸಿ’. ಹನ್ನೊಂದು ಕಿ.ಮೀ. ಆಚೆಗಿರುವ ರೈಲೂ ‘ಸಿ’, ಎಂಬತ್ತು ಕಿ.ಮೀ. ಆಚೆಗಿರುವ ರೈಲೂ ‘ಸಿ’. ಹಳಿಯೇ ಇಲ್ಲದ ಕೊಡಗಿನ ಬಹುಪಾಲು ಹಳ್ಳಿಗಳಿಗೂ ಅದೇ ಒಂದಕ್ಷರ.

● ಒಂದು ಕುಟುಂಬ ಎಂದರೆ ಗಣತಿಯ ಲೆಕ್ಕದಲ್ಲಿ ಒಂದು ಒಲೆ. ಒಂದೇ ಸೂರಿನಡಿ ಅಣ್ಣತಮ್ಮಂದಿರು ಬೇರೆ ಬೇರೆ ಬೇಯಿಸಿಕೊಂಡರೆ ಎರಡು ಕುಟುಂಬ.

● ಈಗ ಬರುವುದು ಉತ್ತರ ಕರ್ನಾಟಕದವರಿಗೆ ಚೆನ್ನಾಗಿ ಗೊತ್ತಿರುವ, ಬೆಂಗಳೂರಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಸಂಗತಿ. 2011ರ ಜನಗಣತಿಯ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಲೆಕ್ಕದ ಘಳಿಗೆ ಮಾರ್ಚ್ 1 ಹುಟ್ಟುವ ನಡುರಾತ್ರಿ. ಆ ಅಷ್ಟೂ ದಿನ ಊರಲ್ಲಿ ಇಲ್ಲದವರನ್ನು ಊರಿನ ಲೆಕ್ಕಕ್ಕೆ ಸೇರಿಸುವಂತಿಲ್ಲ, ಅವರು ಎಲ್ಲಿ ಸಿಗುತ್ತಾರೋ ಅಲ್ಲಿಯ ಲೆಕ್ಕಕ್ಕೆ ಸೇರಬೇಕು ಎಂಬುದು ನಿಯಮ. ನಿಯಮದಲ್ಲಿ ತಪ್ಪೇನಿಲ್ಲ. ಆದರೆ ಫೆಬ್ರುವರಿಯಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಕಡೆಯ ಊರುಗಳಲ್ಲಿ ಯಾರಿರುತ್ತಾರೆ? ಹಿಂಗಾರು ಕೈಕೊಟ್ಟ ವರ್ಷವಾದರೆ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಗುಳೆ ಹೋದವರು ಪುಣೆಯ ಕಟ್ಟಡದ ಕೆಲಸದಲ್ಲಿ, ಬೆಂಗಳೂರಿನ ಶೆಡ್ಡಿನಲ್ಲಿ, ಕಬ್ಬಿನ ಗದ್ದೆಯಲ್ಲಿ ಇರುತ್ತಾರೆ. ಯುಗಾದಿಗೆ ಅವರು ಊರಿಗೆ ಮರಳುವ ಹೊತ್ತಿಗೆ ಗಣತಿಯವರು ಬಂದು ಹೋಗಿ ಆಗಿರುತ್ತದೆ.

ಇದನ್ನು ಮೇಲಿನ 500ರ ಗೆರೆಯ ಪಕ್ಕದಲ್ಲಿಟ್ಟು ಓದಿ. ದುಡಿಮೆ ಹುಡುಕಿ ಜನ ಹೊರಟುಹೋದ ತಾಂಡಾಕ್ಕೆ ತಲೆ ಕಡಿಮೆ. ತಲೆ ಕಡಿಮೆಯಾದ್ದಕ್ಕೆ ರಸ್ತೆಯ ಸರದಿ ಹಿಂದೆ. ರಸ್ತೆ ಇಲ್ಲದ್ದಕ್ಕೆ ಮುಂದಿನ ವರ್ಷವೂ ಗುಳೆ.

● ಹಿಮ ಮುಚ್ಚುವ ಊರುಗಳಿಗೆ ಗಣತಿಯೇ ಬೇರೆ ದಿನ. ಅಲ್ಲಿ 2011ರ ಜನಗಣತಿಯ ಲೆಕ್ಕದ ದಿನ 2010ರ ಅಕ್ಟೋಬರ್ 1 ಆಗಿತ್ತು. 2027ರ ಗಣತಿಯಲ್ಲೂ ಅಷ್ಟೇ: ದೇಶಕ್ಕೆಲ್ಲ 2027ರ ಮಾರ್ಚ್ 1, ಲಡಾಖ್ ಮತ್ತು ಜಮ್ಮು ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಹಿಮದ ಊರುಗಳಿಗೆ 2026ರ ಅಕ್ಟೋಬರ್ 1. ಹಿಮಕ್ಕೆ ಸಿಕ್ಕಿದ ರಿಯಾಯಿತಿ ಬರಕ್ಕೆ ಸಿಕ್ಕಿಲ್ಲ.

● ಕರ್ನಾಟಕದಲ್ಲಿ 2001ರಿಂದ 2011ರ ನಡುವೆ ಜನಸಂಖ್ಯೆ ಇಳಿದ ಜಿಲ್ಲೆ ಚಿಕ್ಕಮಗಳೂರು. 11,40,905 ಇದ್ದದ್ದು 11,37,961 ಆಯಿತು. ಕೊಡಗಿನಲ್ಲಿ ಹತ್ತು ವರ್ಷಕ್ಕೆ ಏರಿದ್ದು ಶೇ 1ರಷ್ಟು ಮಾತ್ರ. ಕೊಡಗಿನ ಸಾಂದ್ರತೆ ಚದರ ಕಿ.ಮೀ.ಗೆ 135, ಉತ್ತರ ಕನ್ನಡದ್ದು 140, ಬೆಂಗಳೂರು ಜಿಲ್ಲೆಯದ್ದು 4,381.

● ಆ ಚಿಕ್ಕಮಗಳೂರಿನ ಕೊಪ್ಪದಲ್ಲೇ ಕಾರ್ಮಿಕರೇ ಮಾಲೀಕರಾದ ಬಸ್ ಕಂಪನಿಯೊಂದಿತ್ತು. ಕೆಲಸಕ್ಕಿದ್ದ ಖಾಸಗಿ ಸಾರಿಗೆ ಸಂಸ್ಥೆ ಬಾಗಿಲು ಹಾಕಿದಾಗ ಅದರ ಚಾಲಕ, ನಿರ್ವಾಹಕ, ಮೆಕ್ಯಾನಿಕ್ಕುಗಳು ಸೇರಿ 1991ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅದೇ ‘ಸಹಕಾರ ಸಾರಿಗೆ’. ದೊಡ್ಡ ಬಸ್ಸು ಹೋಗಲು ಹಿಂಜರಿಯುವ ಮಲೆನಾಡಿನ ಒಳದಾರಿಗಳಲ್ಲಿ ಓಡಿತು. ಮಲೆನಾಡಿನ ನಿಯಮವೇ ಬೇರೆ, ಒಂದೊಂದು ಮನೆ ಒಂದೊಂದು ಗುಡ್ಡದಲ್ಲಿ. ಬಸ್ಸು ನಿಲ್ಲುವುದು ಊರಿನಲ್ಲಲ್ಲ, ಯಾರದೋ ತೋಟದ ತಡಮೆಯ ಎದುರು. ಸುಮಾರು ಮೂರು ದಶಕ ಹೀಗೆ ಓಡಿದ ಮೇಲೆ 2020ರಲ್ಲಿ ನಷ್ಟ ತಾಳಲಾರದೆ ಚಕ್ರ ನಿಂತಿತು. ಕೋವಿಡ್ ಲಾಕ್‌ಡೌನ್ ಇನ್ನೂ ಬಂದಿರಲಿಲ್ಲ.

● ಜನ ಇಳಿದದ್ದು ನಮ್ಮಲ್ಲಿ ಮಾತ್ರವಲ್ಲ. ಉತ್ತರಾಖಂಡದ ಪೌಡಿ ಗಢವಾಲ್ ಮತ್ತು ಅಲ್ಮೋಡಾ, ಕೇರಳದ ಇಡುಕ್ಕಿ ಮತ್ತು ಪತ್ತನಂತಿಟ್ಟ ಜಿಲ್ಲೆಗಳೂ ಅದೇ ದಶಕದಲ್ಲಿ ಕುಗ್ಗಿದವು. ಉತ್ತರಾಖಂಡ ಸರ್ಕಾರ 2017ರಲ್ಲಿ ವಲಸೆ ಆಯೋಗವನ್ನೇ ನೇಮಿಸಿತು. 2011ರ ಈಚೆಗೆ 734 ಊರುಗಳು ಪೂರ್ತಿ ಖಾಲಿಯಾಗಿವೆ ಎಂದು ಆಯೋಗ 2018ರಲ್ಲಿ ವರದಿ ಕೊಟ್ಟಿತು.

● ಉಡುಪಿ ಜಿಲ್ಲೆಯಲ್ಲಿ 2011ರಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ಕಾರಣ ಹುಡುಕಲು ಸಂಜೆ ಹೊತ್ತು ಕರಾವಳಿಯ ಯಾವುದಾದರೂ ಪೇಟೆಯಲ್ಲಿ ನಿಂತು ಮುಂಬೈ ಬಸ್ಸುಗಳನ್ನು ನೋಡಿದರೆ ಸಾಕು. ಗಲ್ಫಿನ ವಿಮಾನ ಆಮೇಲಿನದು.

● ಒಂದು ಹಳೆಯ ಲೆಕ್ಕ. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಂತೆ ಸುಮಾರು 50 ಲಕ್ಷ ಜನ. 1881ರಲ್ಲಿ ಸುಮಾರು 42 ಲಕ್ಷ. ನಡುವೆ ಬಂದದ್ದು 1876ರಿಂದ 78ರವರೆಗಿನ ಮಹಾಕ್ಷಾಮ. ಆ ಬರದ ಪರಿಹಾರ ಕಾಮಗಾರಿಗಳಲ್ಲಿ ಒಂದಾಗಿ ಕೈಗೆತ್ತಿಕೊಂಡದ್ದೇ ಬೆಂಗಳೂರು–ಮೈಸೂರು ರೈಲುಹಳಿ. 1880ರ ದಶಕದ ಆರಂಭದಲ್ಲಿ ಗಾಡಿ ಓಡಿತು. ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಮೇಲೆ, ಬದುಕುಳಿದ ಹಸಿದವರ ಕೈಯಲ್ಲೇ ದಾರಿ ಮಾಡಿಸಿದ್ದು. ಇಂದು ಆ ಹಳಿಯ ಮೇಲೆ ಎರಡು ಗಂಟೆಯಲ್ಲಿ ಮೈಸೂರು ತಲುಪುವವರಿಗೆ ಇದು ನೆನಪಿರಬೇಕಾದ ಅಗತ್ಯವಿಲ್ಲ, ತಿಳಿದಿದ್ದರೆ ನಷ್ಟವೂ ಇಲ್ಲ.

● ಮೈಸೂರು ಸರ್ಕಾರ ಬಸ್ಸು ಓಡಿಸಲು ಶುರುಮಾಡಿದ್ದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳಿಂದ. ಅದು ನಿಗಮವಾದದ್ದು 1961ರಲ್ಲಿ.

● ಮೈಲಿಗಲ್ಲಿನ ನೆತ್ತಿಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣವಾದರೆ ಹಳ್ಳಿಯ ರಸ್ತೆ.

● ದೇಶದ ಒಟ್ಟು ರಸ್ತೆಜಾಲ ಸುಮಾರು 63 ಲಕ್ಷ ಕಿ.ಮೀ. ಅದರಲ್ಲಿ ಸುಮಾರು ಶೇ 70 ಹಳ್ಳಿಯ ರಸ್ತೆಗಳೇ. ಹೆದ್ದಾರಿ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಹಳ್ಳಿಯ ರಸ್ತೆಗೆ ಎಂ.ಎಲ್.ಎ. ಬಂದರೆ ಅದೇ ಪುಣ್ಯ.

● ಗ್ರಾಮ ಸಡಕ್ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ದಿನಕ್ಕೆ ನೂರು ಗಾಡಿಯೂ ಓಡುವುದಿಲ್ಲ ಎಂದಾದರೆ ಮೂರು ಮೀಟರ್. ಬಸ್ಸಿನ ಅಗಲವೇ ಸುಮಾರು ಎರಡೂವರೆ ಮೀಟರ್. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರು ಬಂದರೆ ಇಬ್ಬರಲ್ಲಿ ಒಬ್ಬರು ಮಣ್ಣಿಗಿಳಿಯಬೇಕು. ಯಾರು ಎಂಬುದನ್ನು ಹಾರನ್ನೇ ತೀರ್ಮಾನಿಸುತ್ತದೆ.

● ಈ ರಸ್ತೆಗಳಿಗೆ ಆರಂಭದಲ್ಲಿ ದುಡ್ಡು ಬಂದದ್ದು ಡೀಸೆಲ್ ಮೇಲಿನ ಸೆಸ್‌ನಿಂದ. ಅದರ ಅರ್ಧಪಾಲು ಹಳ್ಳಿಯ ರಸ್ತೆಗೆ. ರಸ್ತೆ ಹಾಕಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕು. ರಸ್ತೆಯ ಪಕ್ಕದ ಫಲಕದಲ್ಲಿ ಅದನ್ನು ಬರೆದಿರುತ್ತಾರೆ. ಫಲಕ ಓದುವ ಅಭ್ಯಾಸ ಊರಿನ ಹುಡುಗರಿಗೆ ಬಂದರೆ ಒಳ್ಳೆಯದು, ಆರನೇ ವರ್ಷದ ಮಳೆಗಾಲಕ್ಕೆ ಮುಂಚೆ.

● ರಸ್ತೆ ಬಂತು ಎಂದರೆ ಬಸ್ಸು ಬಂತು ಎಂದಲ್ಲ. ರಸ್ತೆಯ ಯೋಜನೆ ಕೊಡುವುದು ರಸ್ತೆಯನ್ನು, ಬಸ್ಸನ್ನಲ್ಲ. ಕೆಲವು ಅಳತೆಗಳನ್ನು ಒಟ್ಟಿಗೆ ಓದಿದರೆ ವಿಚಿತ್ರ ಗೊತ್ತಾಗುತ್ತದೆ. ಅಂಗನವಾಡಿಗೆ 400ರಿಂದ 800 ಜನಕ್ಕೊಂದು ಎಂಬ ಲೆಕ್ಕವಿದೆ. ಆರೋಗ್ಯ ಉಪಕೇಂದ್ರಕ್ಕೆ ಬಯಲಿನಲ್ಲಿ 5,000, ಗುಡ್ಡಗಾಡಿನಲ್ಲಿ 3,000. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಮತ್ತು 20,000. ಶಾಲೆಗೆ ಜನಸಂಖ್ಯೆಯ ಬದಲು ದೂರ: ಕಿರಿಯ ಪ್ರಾಥಮಿಕ ಒಂದು ಕಿ.ಮೀ. ಒಳಗೆ, ಹಿರಿಯ ಪ್ರಾಥಮಿಕ ಮೂರು ಕಿ.ಮೀ. ಒಳಗೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ 5,000ದಿಂದ 7,000. ಮಲೆನಾಡು, ಕರಾವಳಿಯ ಜಿಲ್ಲೆಗಳಲ್ಲಿ 2,500 ಇದ್ದರೂ ನಡೆಯುತ್ತದೆ. 400 ಜನಕ್ಕೊಬ್ಬ ಸದಸ್ಯ. ಮತಗಟ್ಟೆಗೆ ಎರಡು ಕಿ.ಮೀ. ಮೀರಿ ನಡೆಸಬಾರದು ಎಂಬುದು ಚುನಾವಣಾ ಆಯೋಗದ ನಿಲುವು. ಬಸ್ಸಿಗೆ ಮಾತ್ರ ಇಂಥ ಅಂಕಿ ಇಲ್ಲ. ಅಲ್ಲಿ ಕೆಲಸ ಮಾಡುವುದು ಡಿಪೊ ವ್ಯವಸ್ಥಾಪಕರ ಎದುರಿನ ಕಿ.ಮೀ. ಗಳಿಕೆಯ ಹಾಳೆ.

● ಒಬ್ಬರಿಗಾಗಿ ಮತಗಟ್ಟೆ ಇಟ್ಟದ್ದುಂಟು. ಅರುಣಾಚಲದ ಮಾಲೋಗಾಮ್‌ನಲ್ಲಿ ಒಬ್ಬರೇ ಮತದಾರರಿಗಾಗಿ ಸಿಬ್ಬಂದಿ ಸುಮಾರು 39 ಕಿ.ಮೀ. ದುರ್ಗಮ ದಾರಿ ಸವೆಸಿದರು. ಗುಜರಾತಿನ ಗಿರ್ ಕಾಡಿನ ಬನೇಜ್‌ನಲ್ಲೂ ಇಂಥದೇ ಒಂಟಿ ಮತಗಟ್ಟೆ. ಮತಯಂತ್ರ ಊರಿಗೆ ಹೋಗುವಷ್ಟು ಸಲೀಸಾಗಿ ಮದ್ದು ಊರಿಗೆ ಹೋಗುವುದಿಲ್ಲ ಎಂಬುದು ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನವರಿಗೆ ಗೊತ್ತು. ಅಲ್ಲಿನ ಇಂಡಿಗನತ್ತ ಗ್ರಾಮದಲ್ಲಿ 2024ರ ಲೋಕಸಭಾ ಚುನಾವಣೆಯ ದಿನ ರಸ್ತೆ, ನೀರು, ಕರೆಂಟಿನ ಸಿಟ್ಟು ಮತಗಟ್ಟೆಯ ಮೇಲೆ ಹರಿಯಿತು; ಏಪ್ರಿಲ್ 29ಕ್ಕೆ ಮರುಮತದಾನ ಮಾಡಿಸಬೇಕಾಯಿತು. ಆ ಕಡೆಯ ಊರುಗಳಲ್ಲಿ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತರುವುದು ಹಳೆಯ ಕಾಲದ ಕತೆಯಲ್ಲ.

● 108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು 2008ರ ರಾಜ್ಯೋತ್ಸವದ ದಿನ.

● ಬಸ್ಸಿಲ್ಲದ ಊರನ್ನು ಹೊತ್ತು ತಿರುಗುವವರು ಯಾರು? ಬೀದರ್, ಕಲಬುರಗಿ ಕಡೆ ಟಂಟಂ ಮತ್ತು ಕ್ರೂಸರ್, ಹಳೆ ಮೈಸೂರಿನಲ್ಲಿ ಟೆಂಪೊ ಮತ್ತು ಅಪ್ಪೆ ಆಟೊ, ಮಲೆನಾಡಿನಲ್ಲಿ ಜೀಪು, ಎಲ್ಲ ಕಡೆಯೂ ಟಾಟಾ ಏಸ್. 1988ರ ಮೋಟಾರು ವಾಹನ ಕಾಯ್ದೆಯ ಕಣ್ಣಿಗೆ ಮ್ಯಾಕ್ಸಿಕ್ಯಾಬ್ ಎಂದರೆ ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು, ಹನ್ನೆರಡಕ್ಕೆ ಮೀರದ ಪ್ರಯಾಣಿಕರ ಗಾಡಿ. ದಾರಿಯುದ್ದಕ್ಕೂ ಕೈ ತೋರಿಸಿದವರನ್ನು ಹತ್ತಿಸಿ ಇಳಿಸುವ ಹಕ್ಕು ಸ್ಟೇಜ್ ಕ್ಯಾರೇಜ್ ಪರ್ಮಿಟ್ಟಿನ ಬಸ್ಸಿಗಷ್ಟೇ. ಬಾಡಿಗೆಯ ಪರ್ಮಿಟ್ಟಿನ ಗಾಡಿಗೆ ಅದು ನಿಷಿದ್ಧ. ಅಂದರೆ ಸಂತೆಯ ದಿನ ಒಳಗೆ ಹೆಂಗಸರು, ಏಣಿಯ ಮೇಲೆ ಹುಡುಗರು, ತಲೆಯ ಮೇಲೆ ಬದನೆಕಾಯಿ ಮೂಟೆ ಹೊತ್ತು ಬರುವ ಗಾಡಿ ಕಾನೂನಿನ ಕಣ್ಣಿಗೆ ಅಪರಾಧಿ, ಊರಿನ ಕಣ್ಣಿಗೆ ಬಂಧು. ನನ್ನನ್ನು ಕೇಳಿದರೆ, ದಂಡದ ರಸೀದಿ ಹರಿಯುವ ಮೊದಲು ಆ ದಾರಿಗೆ ಯಾವ ಬಸ್ಸು ಎಷ್ಟು ಗಂಟೆಗೆ ಇದೆ ಎಂದು ರಸೀದಿಯ ಹಿಂಬದಿಯಲ್ಲಿ ಬರೆದುಕೊಡುವುದು ನ್ಯಾಯ.

● ಉತ್ತರ ಕರ್ನಾಟಕದಲ್ಲಿ ವಸ್ತಿ ಬಸ್ಸು, ದಕ್ಷಿಣದಲ್ಲಿ ನೈಟ್ ಹಾಲ್ಟ್ ಬಸ್ಸು. ರಾತ್ರಿ ಊರಿಗೆ ಬಂದು, ಗುಡಿಯ ಕಟ್ಟೆಯ ಬಳಿ ನಿಂತು, ಬೆಳಗ್ಗೆ ಆರಕ್ಕೆ ಕಾಲೇಜು ಹುಡುಗರನ್ನೂ ಹಾಲಿನ ಕ್ಯಾನುಗಳನ್ನೂ ಹೊತ್ತು ಹೊರಡುವುದು ಇದರ ಕೆಲಸ. ಡ್ರೈವರು, ಕಂಡಕ್ಟರು ಬಸ್ಸಿನ ಸೀಟಿನಲ್ಲೋ ಪಂಚಾಯಿತಿ ಕಟ್ಟೆಯ ಮೇಲೋ ಮಲಗುತ್ತಾರೆ. ಊರವರು ಊಟ ಕೊಡುವ ಊರಿನ ವಸ್ತಿ ಡ್ಯೂಟಿಗೆ ಡಿಪೊದಲ್ಲಿ ಪೈಪೋಟಿ. ಕುಡಿಯುವ ನೀರೂ ಸಿಗದ ಊರಿನ ಡ್ಯೂಟಿ ಎಂದರೆ ರಜೆ ಚೀಟಿ. ಊರಿಗೆ ಬಸ್ಸು ಉಳಿಸಿಕೊಳ್ಳುವ ಉಪಾಯಗಳಲ್ಲಿ ಬಿಸಿ ರೊಟ್ಟಿಯೂ ಒಂದು.

● ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. 2025ರ ಜುಲೈ ಹೊತ್ತಿಗೆ ಹೆಂಗಸರ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಆದರೆ ಶೂನ್ಯ ಟಿಕೆಟ್ ಸಿಗುವುದು ಸರ್ಕಾರಿ ಬಸ್ಸಿನಲ್ಲಿ. ಖಾಸಗಿ ಬಸ್ಸುಗಳೇ ಓಡುವ ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಮಾರ್ಗಗಳಲ್ಲಿ, ಯಾವ ಬಸ್ಸೂ ಓಡದ ತಾಂಡಾಗಳಲ್ಲಿ ಆಧಾರ್ ಕಾರ್ಡು ಹಿಡಿದು ನಿಂತರೂ ಉಪಯೋಗವಿಲ್ಲ.

● ಬಿಹಾರ 2006ರಲ್ಲಿ ಒಂಬತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕ ಹಾಕಿದಂತೆ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು. ಶಾಲೆ ಮೂರು ಕಿ.ಮೀ.ಗಿಂತ ದೂರವಿದ್ದ ಊರುಗಳಲ್ಲೇ ಲಾಭ ಹೆಚ್ಚು. ಕರ್ನಾಟಕ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದ್ದೂ 2006–07ರಲ್ಲೇ. ಎರಡು ಚಕ್ರ, ಒಂದು ಬೆಲ್ಲು. ಡೀಸೆಲ್ ಬೇಡ, ಪರ್ಮಿಟ್ಟು ಬೇಡ, 500 ಜನವೂ ಬೇಡ.

● 2011ರಲ್ಲಿ ಹಳ್ಳಿಯ ಮನೆಗಳಲ್ಲಿ ಸೈಕಲ್ ಇದ್ದದ್ದು ಶೇ 46ರಲ್ಲಿ, ಬೈಕು ಅಥವಾ ಸ್ಕೂಟರು ಶೇ 14ರಲ್ಲಿ, ಕಾರು ಶೇ 2ರ ಆಸುಪಾಸು. ಹತ್ತು ವರ್ಷ ಕಳೆಯುವಷ್ಟರಲ್ಲಿ ದೇಶದ ಸುಮಾರು ಅರ್ಧದಷ್ಟು ಮನೆಗಳ ಅಂಗಳಕ್ಕೆ ಬೈಕು ಬಂದಿತ್ತು. ಬಸ್ಸಿಗೆ ಕಾದು ಸಾಕಾದವನು ಕಂತಿನಲ್ಲಿ ಬೈಕು ಕೊಳ್ಳುತ್ತಾನೆ. ಅವನು ಹತ್ತದೆ ಬಸ್ಸಿನ ಗಳಿಕೆ ಇಳಿಯುತ್ತದೆ. ಗಳಿಕೆ ಇಳಿದ ಟ್ರಿಪ್ಪು ರದ್ದಾಗುತ್ತದೆ. ಕೊನೆಗೆ ನಿಲ್ದಾಣದಲ್ಲಿ ಉಳಿಯುವವರು ಬೈಕು ಓಡಿಸಲಾರದವರು: ಅಜ್ಜಿ, ಬಸುರಿ, ಹೈಸ್ಕೂಲಿನ ಹುಡುಗಿ.

● ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆ, ಎಷ್ಟು ದೂರ ಹೋಗುತ್ತಾರೆ ಎಂಬ ಪಟ್ಟಿಯನ್ನು 2011ರ ಗಣತಿ ಕೊಟ್ಟಿದೆ. ನಡಿಗೆ, ಸೈಕಲ್, ಬಸ್ಸು, ರೈಲು, ದೋಣಿ ಎಲ್ಲ ಇವೆ. ಆದರೆ ಪಟ್ಟಿಯಲ್ಲಿರುವುದು ‘ಇತರೆ ಕೆಲಸಗಾರರು’ ಮಾತ್ರ. ಹೊಲಕ್ಕೆ, ಕೂಲಿಗೆ ನಸುಕಿನಲ್ಲೇ ನಡೆದು ಹೋಗುವ ರೈತರು ಮತ್ತು ಕೃಷಿ ಕಾರ್ಮಿಕರ ಓಡಾಟ ಅದರಲ್ಲಿಲ್ಲ.

● ನೀರು ಅಡ್ಡ ಬಂದರೆ ಅಂಕಿ ಕೆಲಸಕ್ಕೆ ಬರುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದ ಮೇಲೆ ಸಾಗರ ತಾಲ್ಲೂಕಿನ ತುಮರಿ ಸುತ್ತಿನ ಊರುಗಳು ಶರಾವತಿಯ ಹಿನ್ನೀರಿನಾಚೆ ಉಳಿದವು. ತಾಲ್ಲೂಕು ಕಚೇರಿಗೆ, ಆಸ್ಪತ್ರೆಗೆ, ಮದುವೆಗೆ, ಎಲ್ಲಕ್ಕೂ ಲಾಂಚ್. ಲಾಂಚು ಮನುಷ್ಯರನ್ನಷ್ಟೇ ಅಲ್ಲ, ಜೀಪನ್ನೂ ಬಸ್ಸನ್ನೂ ಹೊತ್ತು ದಾಟಿಸುತ್ತಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆಚೆ ದಡದಲ್ಲೇ ರಾತ್ರಿ, ಇಲ್ಲವೇ ಬಹುದೂರದ ಸುತ್ತು. ನಾಡಿಗೆ ಬೆಳಕು ಕೊಡಲು ಮುಳುಗಿದವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈ 14ರಂದು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ, ಎರಡು ಕಿ.ಮೀ.ಗೂ ಉದ್ದದ ಆ ಸೇತುವೆಯನ್ನು ಪೇಪರಿನವರು ಹತ್ತಿರದ ಯಾತ್ರಾಸ್ಥಳದ ಹೆಸರು ಹಿಡಿದು ಸಿಗಂದೂರು ಸೇತುವೆ ಎಂದರು. ಯಾತ್ರಿಕರ ಹೆಸರಿನಲ್ಲಿ ಬಂದರೇನು, ತುಮರಿಯವರಿಗೆ ದಾರಿ ಆಯಿತಲ್ಲ. ಲೆಕ್ಕ ಹಾಕಿ: 61 ವರ್ಷ.

● ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ ತಮ್ಮ ಮೊದಲ ತೂಗುಸೇತುವೆಯನ್ನು ಪಯಸ್ವಿನಿ ಹೊಳೆಗೆ ಅರಂಬೂರಿನಲ್ಲಿ ಕಟ್ಟಿದ್ದು 1989ರಲ್ಲಿ. ಆಮೇಲೆ ಹಲವು ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು. 2017ರಲ್ಲಿ ಪದ್ಮಶ್ರೀ. ದೊಡ್ಡ ಸೇತುವೆಗೆ ಬೇಕಾದಷ್ಟು ತಲೆಗಳಿಲ್ಲದ ಊರುಗಳಿಗೆ ತೂಗುಸೇತುವೆಯೇ ದಾರಿ. ಅದೂ ಇಲ್ಲದ ಕಡೆ ಮಳೆಗಾಲಕ್ಕೆ ಅಡಿಕೆ ಮರದ ಕಾಲುಸಂಕ. ರಾಯಚೂರು ತಾಲ್ಲೂಕಿನ ಕೃಷ್ಣಾ ನಡುಗಡ್ಡೆಗಳಾದ ಕುರ್ವಕುಲಾ, ಕುರ್ವಕುರ್ದಾಗಳಿಗೆ ಹರಿಗೋಲು.

● ಊರೇ ದಾಖಲೆಯಲ್ಲಿ ಇಲ್ಲದಿದ್ದರೆ? ಕರ್ನಾಟಕದ ಎಷ್ಟೋ ತಾಂಡಾ, ಹಟ್ಟಿ, ಹಾಡಿಗಳು ತಲೆಮಾರುಗಳಿಂದ ಇದ್ದರೂ ಕಂದಾಯ ಗ್ರಾಮಗಳಾಗಿರಲಿಲ್ಲ. ಕಂಡಕ್ಟರಿಗೆ ಗೊತ್ತಿದ್ದ ಹೆಸರು ತಹಶೀಲ್ದಾರರಿಗೆ ಗೊತ್ತಿರಲಿಲ್ಲ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಜಾಗ ಅದು.

● ಹಳ್ಳಿ ಊರಾಗಿ ಬೆಳೆದು ಪೇಟೆಯಾದರೂ ಹಳ್ಳಿಯಾಗಿಯೇ ಉಳಿಯಬಹುದು. 5,000 ಜನ, ಚದರ ಕಿ.ಮೀ.ಗೆ 400ರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯದ ಹೊರಗೆ, ಈ ಮೂರೂ ಇದ್ದರೆ ಜನಗಣತಿ ಅದನ್ನು ಪಟ್ಟಣ ಎನ್ನುತ್ತದೆ. ಆದರೆ ಆಡಳಿತ ಪಂಚಾಯಿತಿಯದೇ. ಇಂಥ ಗಣತಿ ಪಟ್ಟಣಗಳು 2001ರಲ್ಲಿ 1,362 ಇದ್ದವು, 2011ರಲ್ಲಿ 3,890 ದಾಟಿದವು. ಬಹಳಷ್ಟು ಬೆಳೆದದ್ದು ದಾರಿ ಕೂಡುವಲ್ಲಿ. ನಮ್ಮಲ್ಲಂತೂ ಊರಿಗಿಂತ ಊರಿನ ಕ್ರಾಸೇ ದೊಡ್ಡದು: ಮೂಲ ಊರು ಎರಡು ಕಿ.ಮೀ. ಒಳಗೆ ತೂಕಡಿಸುತ್ತಿದ್ದರೆ, ಹೆದ್ದಾರಿಯ ಬದಿಯ ಕ್ರಾಸಿನಲ್ಲಿ ಬೇಕರಿ, ಗೊಬ್ಬರದಂಗಡಿ, ಬಾರು, ಎ.ಟಿ.ಎಂ. ಮನೆ ಕಟ್ಟುವ ಮಗ ಜಾಗ ನೋಡುವುದೂ ಅಲ್ಲೇ.

● ಗ್ರಾಮ ಸಡಕ್ ಯೋಜನೆಯ ನಾಲ್ಕನೇ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. 25,000 ಜನವಸತಿ, 62,500 ಕಿ.ಮೀ. ರಸ್ತೆ, 70,125 ಕೋಟಿ ರೂಪಾಯಿ. ಅರ್ಹತೆಗೆ ನೋಡುವುದು 2011ರ ಜನಸಂಖ್ಯೆ. ಆ ವರ್ಷದ ಮಾರ್ಚ್ ನಂತರ ಹುಟ್ಟಿ ಈಗ ಹೈಸ್ಕೂಲಿಗೆ ಹೋಗುತ್ತಿರುವ ಮಕ್ಕಳು ತಾವು ನಡೆಯುವ ರಸ್ತೆಯ ಲೆಕ್ಕದಲ್ಲಿ ಇಲ್ಲ.

● ಮನೆಪಟ್ಟಿ ಮಾಡುವ ಹಂತದಲ್ಲಿ ಗಣತಿದಾರರು ನಿಮ್ಮಲ್ಲಿ ಸೈಕಲ್ ಇದೆಯೇ, ಬೈಕು ಇದೆಯೇ, ಕಾರು ಇದೆಯೇ ಎಂದು ಕೇಳುತ್ತಾರೆ. ಬಸ್ಸು ಬರುತ್ತದೆಯೇ ಎಂದು ಮನೆಯವರನ್ನು ಕೇಳುವುದಿಲ್ಲ. ಆ ಕಾಲಂ ಇರುವುದು ಗ್ರಾಮದ ಬೇರೆ ಪಟ್ಟಿಯಲ್ಲಿ, ಅದನ್ನು ತುಂಬುವುದು ಅಧಿಕಾರಿಗಳ ಮಟ್ಟದಲ್ಲಿ. ‘ಬಸ್ಸು ಇದೆ’ ಎಂದು ಅಲ್ಲಿ ಗುರುತು ಬಿದ್ದರೆ ದಿನಕ್ಕೆ ಹತ್ತು ಸಲ ಬರುವ ಊರೂ ಸಂತೆಯ ದಿನ ಮಾತ್ರ ಬರುವ ಊರೂ ಒಂದೇ.